ಕಸಿ ಮಾವು: ಬುಡದ ಚಿಗುರು ಜೋರು, ಮೇಲಿನ ಗಿಡ ಮಂಕು. ತುದಿ ಕತ್ತರಿಸಲಾ?

ಪ್ರಶ್ನೆ:
ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಒಂದು ಕಸಿ ಮಾವು ನೆಟ್ಟೆ. ಗಾಳಿಗೆ ಅಲುಗಾಡಬಾರದು ಅಂತ ಆಳದ ಗುಂಡಿ ತೋಡಿ, ಬುಡಕ್ಕೆ ಚೆನ್ನಾಗಿ ಮಣ್ಣು ಏರಿಸಿದ್ದೆ. ಈಗ ಬುಡದಿಂದ ಎರಡು ಚಿಗುರು ಸೊಂಟದೆತ್ತರ ಬಂದಿವೆ. ಮೇಲಿನ ಎಲೆ ಮಾತ್ರ ಸಣ್ಣದು, ತಿಳಿ ಹಳದಿ. ನೀರು, ಗೊಬ್ಬರ ಎರಡೂ ಜಾಸ್ತಿ ಮಾಡಿದೆ, ಪ್ರಯೋಜನ ಆಗಿಲ್ಲ. ತುದಿ ಕತ್ತರಿಸಿದರೆ ಸರಿಹೋಗುತ್ತದಾ? ಹೋದ ತಿಂಗಳು ಒಂದು ಕೊಂಬೆಯನ್ನು ಕಾಂಡಕ್ಕೆ ಸಮವಾಗಿ ಕೊಯ್ದು ಪೇಂಟ್ ಹಚ್ಚಿದ್ದೆ. ಆ ಗಾಯವೂ ಹಾಗೇ ಇದೆ.

ಉತ್ತರ:
ಕತ್ತರಿ ಸ್ವಲ್ಪ ದಿನ ಪಕ್ಕಕ್ಕಿಡಿ. ಬಳಲಿದ ಗಿಡಕ್ಕೆ ಎಲೆಯೇ ಆಹಾರದ ದಾರಿ, ಅದನ್ನೂ ಕತ್ತರಿಸಿದರೆ ಇನ್ನಷ್ಟು ಸೊರಗುತ್ತದೆ. ಗೊಬ್ಬರ ನಿಲ್ಲಿಸಿ. ಮೊದಲು ಬುಡ ನೋಡಿ. ನೆಲ ಮುಟ್ಟುವ ಕಡೆ ಕಾಂಡ ಸ್ವಲ್ಪ ಅಗಲವಾಗಿ ಹರಡಿದೆಯಾ, ಅಥವಾ ನೆಟ್ಟ ಕಂಬದ ಹಾಗೆ ನೆಟ್ಟಗೆ ಮಣ್ಣೊಳಗೆ ಇಳಿದಿದೆಯಾ? ಕಸಿ ಗಂಟು, ಅಂದರೆ ಕೆಳಗಿನ ಸಸಿಗೆ ಬೇಕಾದ ತಳಿಯ ಕಡ್ಡಿ ಸೇರಿಸಿದ ಜಾಗ, ಕಾಣುತ್ತದಾ? ಕೈಯಿಂದಲೇ ನಿಧಾನಕ್ಕೆ ಮಣ್ಣು ಸರಿಸಿ, ಬೇರು ಶುರುವಾಗುವ ಜಾಗ ಸಿಗುವ ತನಕ. ಗುದ್ದಲಿ ಬೇಡ, ತೊಗಟೆಗೆ ಪೆಟ್ಟಾಗುತ್ತದೆ.

ಕೇಳಿದವರು:
ಕಂಬದ ಹಾಗೇ ಇತ್ತು! ಸುಮಾರು 10 ಸೆಂ.ಮೀ. ಮಣ್ಣು ತೆಗೆದ ಮೇಲೆ ಗಂಟು ಸಿಕ್ಕಿತು. ಎರಡೂ ಚಿಗುರು ಗಂಟಿನ ಕೆಳಗಿನಿಂದ ಬಂದಿವೆ. ಒಂದು ಪೆನ್ಸಿಲ್ ದಪ್ಪದ ಬೇರು ಕಾಂಡವನ್ನು ಸುತ್ತಿಕೊಂಡಿದೆ.

ಉತ್ತರ:
ಹಾಗಾದರೆ ಕಾರಣ ಸಿಕ್ಕಿತು, ಬುಡ ತೀರಾ ಆಳಕ್ಕೆ ಹೂತುಹೋಗಿದೆ. ಗಂಟಿನ ಕೆಳಗಿನದು ಬೇರುಸಸಿ, ನೀವು ಬಯಸಿದ ತಳಿ ಅಲ್ಲ. ಬಿಟ್ಟರೆ ಅದೇ ಮರವಾಗಿ ಮೇಲಿನದನ್ನು ಹಿಂದೆ ಹಾಕುತ್ತದೆ. ಎರಡನ್ನೂ ಹುಟ್ಟಿದ ಜಾಗದಲ್ಲೇ ಕೊಯ್ಯಿರಿ, ಮೋಟು ಉಳಿದರೆ ಮತ್ತೆ ಚಿಗುರುತ್ತದೆ. ಸುತ್ತಿದ ಬೇರು ಚೀಲದಲ್ಲಿದ್ದಾಗಿನದೇ ಇರಬೇಕು, ಜಾಗ ಸಾಲದೆ ಸುತ್ತು ಹಾಕಿರುತ್ತದೆ. ಕಾಂಡ ದಪ್ಪವಾದಂತೆ ಅದು ಬಿಗಿಯುತ್ತದೆ, ಈಗಲೇ ಕತ್ತರಿಸಿ ತೆಗೆಯಿರಿ. ಏರಿಸಿದ ಮಣ್ಣನ್ನು ಅಗಲವಾಗಿ ತೆಗೆದು ಹರಡಿ. ಬುಡದಲ್ಲಿ ನೀರು ನಿಲ್ಲದ ಹಾಗೆ ಹೊರಕ್ಕೆ ಇಳಿಜಾರು ಇರಲಿ. ಒಣ ಎಲೆ ಹೊದಿಸಬಹುದು, ಆದರೆ ಕಾಂಡಕ್ಕೆ ತಾಗಬಾರದು. ನೀರು ಮಣ್ಣು ಮುಟ್ಟಿ ನೋಡಿ ಕೊಡಿ, ದಿನಾ ಸುರಿದರೆ ಬೇರಿಗೆ ಗಾಳಿ ಸಿಗುವುದಿಲ್ಲ.

ಇನ್ನು ಆ ಗಾಯ. ಕೊಂಬೆ ಹುಟ್ಟುವ ಕಡೆ ಸ್ವಲ್ಪ ಉಬ್ಬಿದ ಉಂಗುರ ಇರುತ್ತದೆ. ಗಾಯ ಮುಚ್ಚುವ ಅಂಗಾಂಶ ಇರುವುದೇ ಅಲ್ಲಿ. ಕಾಂಡಕ್ಕೆ ಸಮ ಮಾಡಿದಾಗ ಅದೇ ಹೋಗುತ್ತದೆ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿದರು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ, ಮರವೇ ಗಾಯದ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ತಡೆಯುತ್ತದೆ. ಪೇಂಟ್ ಆ ಕೆಲಸ ಮಾಡುವುದಿಲ್ಲ. ಈಗಾಗಲೇ ಕೊಯ್ದದ್ದನ್ನು ಕೆರೆಯಬೇಡಿ, ಹಾಗೇ ಬಿಡಿ. ಮುಂದೆ ಉಂಗುರ ಉಳಿಸಿ, ಅದರ ಹೊರಗೆ ಕೊಯ್ಯಿರಿ. ದಪ್ಪ ಕೊಂಬೆಗೆ ಮೂರು ಕೊಯ್ತ ಬೇಕು: ಸ್ವಲ್ಪ ದೂರದಲ್ಲಿ ಅಡಿಯಿಂದ ಅರೆ ಕೊಯ್ತ, ಅದಕ್ಕಿಂತ ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಮೋಟು. ಇಲ್ಲದಿದ್ದರೆ ಭಾರಕ್ಕೆ ತೊಗಟೆ ಕೆಳತನಕ ಸುಲಿದುಕೊಂಡು ಬರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೇಳಿದವರು (ಮೂರು ತಿಂಗಳ ನಂತರ):
ಮೇಲೆ ತಾಮ್ರದ ಬಣ್ಣದ ಹೊಸ ಎಲೆ ಬಂದಿದೆ! ತುಂಬಾ ಖುಷಿಯಾಯಿತು. ತುದಿ ಈಗ ಚಿವುಟಲಾ?

ಉತ್ತರ:
ಬೇಡ, ಈ ಎಲೆ ಬಲಿತು ಹಸಿರಾಗಲಿ. ಕಾಯಿ ಬಿಡುವ ವಯಸ್ಸಿಗೆ ಬಂದ ಮೇಲೆ ಕೊಯ್ಲು ಮುಗಿದ ತಕ್ಷಣ ಸವರಿ, ಮಾವು ಹೂ ಬಿಡುವುದು ಬಲಿತ ತುದಿಯಲ್ಲೇ ಅಲ್ವಾ. ಗಂಟಿನ ಕೆಳಗೆ ಮಾತ್ರ ತಿಂಗಳಿಗೊಮ್ಮೆ ನೋಡುತ್ತಿರಿ. ಎಳೆ ಚಿಗುರಾದರೆ ಕೈಯಲ್ಲೇ ಕಿತ್ತುಬರುತ್ತದೆ.