ಜನವರಿಯಲ್ಲಿ ಕೊಡಚಾದ್ರಿ ಚಾರಣ: ಉಣುಗಿಗೆ ಯಾವ ಎಣ್ಣೆ, ಎಲ್ಲಿಗೆ, ಎಷ್ಟು ಹಚ್ಚಬೇಕು?

ಬೆಟ್ಟದದಾರಿ (ಪ್ರಶ್ನೆ)

ಜನವರಿ ಕೊನೆಯ ವಾರ ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಕೊಡಚಾದ್ರಿ ಹತ್ತಬೇಕು ಅಂತಿದ್ದೇವೆ. ನಾಲ್ವರು ದೊಡ್ಡವರು, ಐದು ವರ್ಷದ ಮಗು ಒಂದು. ಆಗ ಇಂಬಳದ (ಜಿಗಣೆ) ಕಾಟ ಇರಲ್ಲ, ಆದರೆ ಉಣುಗು (ರಕ್ತ ಹೀರುವ ಉಣ್ಣೆ ಹುಳು) ಇರುತ್ತೆ, ಅದರಿಂದ ಹರಡುವ ಮಂಗನ ಕಾಯಿಲೆಯ ಭಯವೂ ಇದೆ ಅಂತ ಕೇಳಿದೆ. ಕೈಯಲ್ಲಿರುವುದು ಓಡೋಮಸ್ ಕ್ರೀಮು ಮತ್ತು ಸನ್‌ಸ್ಕ್ರೀನ್. ಇದು ಸಾಕಾ? ಜೊತೆಗೆ ಬರುವವರೊಬ್ಬರು ದನಕ್ಕೆ ಹೊಡೆಯುವ ಉಣುಗಿನ ಔಷಧಿಯನ್ನು ನೀರಿಗೆ ಬೆರೆಸಿ ಪ್ಯಾಂಟಿಗೆ ಸಿಂಪಡಿಸೋಣ ಅನ್ನುತ್ತಿದ್ದಾರೆ. ಮಾಡಬಹುದಾ?

ಕಾನಂಚು

ಇಂಬಳ ಇಲ್ಲ ಅಂತ ಧೈರ್ಯವಾಗಿ ಹೋಗಬೇಡಿ. ಇಂಬಳ ಮಳೆಗಾಲದ್ದು. ಉಣುಗಿನ ಮರಿಗಳು ಹೆಚ್ಚುವುದು ಮಳೆ ನಿಂತು ತರಗೆಲೆ ಒಣಗಿದ ಮೇಲೆ, ನವೆಂಬರ್‌ನಿಂದ ಮೇ ತನಕ. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಇವತ್ತಿಗೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆ ತಿಂಗಳುಗಳಲ್ಲಿ ತಲೆ ಎತ್ತುತ್ತದೆ.

ಎಣ್ಣೆಯ ಮಾತಿಗೆ ಮೊದಲು ಉಣುಗು ಹತ್ತುವ ರೀತಿ ಗೊತ್ತಿರಲಿ. ಅದು ಹಾರಲ್ಲ, ನೆಗೆಯಲ್ಲ, ಮರದಿಂದ ಉದುರಲ್ಲ. ತರಗೆಲೆಯಿಂದ ಹುಲ್ಲಿನ ತುದಿಗೆ, ಗಿಡಗಂಟಿಯ ಎಲೆಯ ಅಂಚಿಗೆ ಹತ್ತಿ, ಮುಂಗಾಲು ಚಾಚಿ ಕಾಯುತ್ತದೆ. ಮೈ ತಾಗಿದ ಕ್ಷಣ ಹಿಡಿದುಕೊಂಡು ಮೇಲಕ್ಕೆ ಹರಿಯುತ್ತದೆ. ರೋಗ ದಾಟಿಸುವುದರಲ್ಲಿ ಮುಖ್ಯವಾದ ಮರಿ ಗಸಗಸೆ ಕಾಳಿನಷ್ಟಿರುತ್ತದೆ. ಕಪ್ಪು ಪ್ಯಾಂಟಿನ ಮೇಲೆ ಕಾಣುವುದೇ ಇಲ್ಲ. ಹೀಗಾಗಿ ಕಾವಲು ಬೇಕಾದದ್ದು ಪಾದದಿಂದ ಸೊಂಟದವರೆಗೆ. ಬಹಳ ಜನ ಕತ್ತು, ತೋಳಿಗೆಲ್ಲ ಎಣ್ಣೆ ಬಳಿದುಕೊಂಡು ಕಣಕಾಲನ್ನು ಮರೆತೇಬಿಡುತ್ತಾರೆ.

ತೆಳು ಬಣ್ಣದ ಉದ್ದ ಪ್ಯಾಂಟ್ ಹಾಕಿ. ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿ. ಕಾಲುಚೀಲ ದಪ್ಪ ಹೆಣಿಗೆಯದಾಗಿರಲಿ, ಮೊಣಕಾಲಿನ ಹತ್ತಿರದವರೆಗೆ ಬರಲಿ. ಎಣ್ಣೆಯನ್ನು ಬೂಟಿನ ಬಾಯಿ, ಕಾಲುಚೀಲದ ಹೊರಮೈ, ಪ್ಯಾಂಟಿನ ಮೊಣಕಾಲಿನವರೆಗಿನ ಭಾಗ, ಬೆಲ್ಟಿನ ಸುತ್ತ, ಆಮೇಲೆ ಕೈ ಮತ್ತು ಕತ್ತಿಗೆ, ಇದೇ ಕ್ರಮದಲ್ಲಿ ಹಚ್ಚಿ. ದಾರಿಯ ನಡುವೆ ನಡೆಯಿರಿ, ಅಂಚಿನ ಹುಲ್ಲು ಸವರಿಕೊಂಡು ಹೋಗಬೇಡಿ. ಊಟಕ್ಕೆ ತರಗೆಲೆಯ ಮೇಲೆ ಕೂರುವ ಬದಲು ಬಿಸಿಲು ಬಿದ್ದ ಬರಿ ಬಂಡೆ ನೋಡಿ.

ಸತ್ತ ಮಂಗ ಕಂಡರೆ ಹತ್ತಿರ ಹೋಗುವುದು, ಫೋಟೋ ತೆಗೆಯುವುದು ಬೇಡ. ಮೈ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ಸುತ್ತಲ ನೆಲದಲ್ಲೇ ಇರುತ್ತವೆ. ಜಾಗ ಗುರುತಿಟ್ಟುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ.

ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಕಾಡಂಚಿನ ಊರಿನವರಿಗಾಗಿ ಬರುವಂಥದ್ದು. ದಿನಾ ಸೊಪ್ಪು, ಸೌದೆಗೆ ಕಾಡಿಗೆ ಹೋಗುವವರಿಗೆ ಅದು ಸಿಗಬೇಕು. ದಯವಿಟ್ಟು ನಿಮಗೆ ಬೇಕಾದ್ದನ್ನು ಊರಿನಿಂದಲೇ ತನ್ನಿ.

ಔಷಧಅಂಗಡಿ

ಕ್ರೀಮಿನ ಬಗ್ಗೆ. ಓಡೋಮಸ್‌ನಲ್ಲಿರುವುದು ಡೈಈಥೈಲ್ ಬೆಂಜಮೈಡ್, ಶೇ 12. ಇದನ್ನೇ ಡೀಟ್ (ಉಣುಗು, ಸೊಳ್ಳೆಯನ್ನು ದೂರ ಇಡುವ ಇನ್ನೊಂದು ರಾಸಾಯನಿಕ) ಅಂದುಕೊಂಡವರು ಬಹಳ, ಆದರೆ ಎರಡೂ ಬೇರೆ. ಮನೆಯಲ್ಲಿ ಸೊಳ್ಳೆಗೆ ಅದು ಸರಿ, ಉಣುಗಿನ ಕಾಡಿಗೆ ಅದನ್ನೇ ನೆಚ್ಚಿಕೊಳ್ಳಬೇಡಿ. ಬಾಟಲಿಯ ಹಿಂದೆ ಓದಿ ನೋಡಿ ಶೇ 20ರಿಂದ 30ರ ಡೀಟ್ ಅಥವಾ ಅದೇ ಕೆಲಸ ಮಾಡುವ ಶೇ 20ರ ಪಿಕಾರಿಡಿನ್ ತಗೊಳ್ಳಿ. ಪ್ರಮಾಣ ಹೆಚ್ಚಿದಷ್ಟೂ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ, ಹೆಚ್ಚು ಬಲವಾಗಿ ಅಲ್ಲ. ಶೇ 50 ದಾಟಿದ ಮೇಲೆ ಆ ಲಾಭವೂ ಇಲ್ಲ. ಸಿಟ್ರೊನೆಲ್ಲಾ ಪಟ್ಟಿ, ಕೈಬಳೆ, ಸ್ಟಿಕ್ಕರುಗಳಿಗೆ ದುಡ್ಡು ಹಾಕಬೇಡಿ.

ಮೊದಲು ಸನ್‌ಸ್ಕ್ರೀನ್ ಹಚ್ಚಿ, ಅದು ಚರ್ಮಕ್ಕೆ ಇಳಿದ ಮೇಲೆ ಡೀಟ್. ತಿರುವುಮುರುವು ಮಾಡಬೇಡಿ. ಎರಡೂ ಒಂದೇ ಟ್ಯೂಬಿನಲ್ಲಿರುವ ಸರಕೂ ಬೇಡ: ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು, ಡೀಟನ್ನು ಅಷ್ಟು ಸಲ ಹಚ್ಚಬಾರದು. ಡೀಟ್ ಸನ್‌ಸ್ಕ್ರೀನಿನ ಬಲವನ್ನೂ ಕುಗ್ಗಿಸುತ್ತದೆ, ಹಾಗಾಗಿ ಟೋಪಿ ಇರಲಿ.

ತೆಳುವಾಗಿ ಒಂದು ಪದರ ಸಾಕು, ಮೈಯೆಲ್ಲ ಜಿಡ್ಡಾಗುವಷ್ಟು ಬೇಡ. ಬಟ್ಟೆ ಮುಚ್ಚುವ ಚರ್ಮಕ್ಕೆ ಹಚ್ಚಲೇಬೇಡಿ, ಬಟ್ಟೆಯ ಕೆಳಗೆ ಸಿಕ್ಕಿಕೊಂಡು ಉರಿ, ಗುಳ್ಳೆ ಆಗುತ್ತದೆ. ಗಾಯ, ತರಚು, ಬಿಸಿಲಿಗೆ ಸುಟ್ಟ ಜಾಗ ಬಿಡಿ. ಮುಖಕ್ಕೆ ನೇರ ಸ್ಪ್ರೇ ಮಾಡಬೇಡಿ. ಅಂಗೈಗೆ ಹಾಕಿಕೊಂಡು ಕಣ್ಣು, ಬಾಯಿ ಬಿಟ್ಟು ಸವರಿ. ಟೆಂಟ್ ಅಥವಾ ಜೀಪಿನೊಳಗೆ ಹೊಡೆಯಬೇಡಿ. ಬೆಂಕಿಯ ಹತ್ತಿರವಂತೂ ಕೂಡದು, ಬಹಳಷ್ಟು ಸ್ಪ್ರೇಗಳಲ್ಲಿ ಸ್ಪಿರಿಟ್ ಇರುತ್ತದೆ. ಹಚ್ಚಿದ ಕೈಯಲ್ಲಿ ಕನ್ನಡಕ, ವಾಚು, ಮೊಬೈಲ್ ಮುಟ್ಟಿದರೆ ಪ್ಲಾಸ್ಟಿಕ್ ಮಂಕಾಗಿ ಅಂಟಂಟಾಗುತ್ತದೆ. ಹತ್ತಿ, ಉಣ್ಣೆ, ನೈಲಾನ್ ಬಟ್ಟೆಗೆ ತೊಂದರೆಯಿಲ್ಲ; ಸ್ಪ್ಯಾಂಡೆಕ್ಸ್, ರೇಯಾನ್ ಹಾಳಾಗುತ್ತವೆ.

ಐದು ವರ್ಷದ ಮಗುವಿಗೆ ಶೇ 30 ಮೀರದ ಡೀಟ್ ಹಚ್ಚಬಹುದು, ಆದರೆ ದೊಡ್ಡವರೇ ಹಚ್ಚಬೇಕು. ಮಗುವಿನ ಅಂಗೈ, ಬೆರಳಿಗೆ ಬೇಡ, ನೇರ ಬಾಯಿಗೆ ಹೋಗುತ್ತದೆ. ಬಾಟಲಿ ನಿಮ್ಮ ಚೀಲದಲ್ಲೇ ಇರಲಿ. ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಹರಿಸಿ ತೊಳೆಯಿರಿ. ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ಜಲಪಾತದಲ್ಲಿ ನೆನೆದರೆ ಎಣ್ಣೆ ತೊಳೆದುಹೋಗುತ್ತದೆ. ಮೈ ಒರೆಸಿಕೊಂಡು ಇನ್ನೊಮ್ಮೆ ಹಚ್ಚಿ.

ಬೆಟ್ಟದದಾರಿ

ತುಂಬಾ ಧನ್ಯವಾದ. ದನದ ಔಷಧಿಯ ಮಾತು? ಬಟ್ಟೆಗೆ ತಾನೇ, ಮೈಗಲ್ಲವಲ್ಲ ಅನ್ನುವುದು ಅವರ ವಾದ.

ಔಷಧಅಂಗಡಿ

ಬೇಡವೇ ಬೇಡ. ದನಕ್ಕೆ ಹಾಕುವುದು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್‌ನ ಗಟ್ಟಿ ದ್ರಾವಣ. ಔಷಧಿಯನ್ನು ಕರಗಿಸಿಡಲು ಅದರಲ್ಲಿ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ ದ್ರಾವಕ ಇರುತ್ತದೆ. ಬೆವರಿಗೆ ನೆನೆದ ಪ್ಯಾಂಟು ಇಡೀ ದಿನ ತೊಡೆಗೆ ಅಂಟಿಕೊಂಡಿದ್ದರೆ ಅದೆಲ್ಲ ಚರ್ಮಕ್ಕೇ ಬರುತ್ತದೆ. ಉರಿ, ಜುಮುಜುಮು ಅನ್ನುವುದು ಸಣ್ಣ ತೊಂದರೆ. ಅಮಿಟ್ರಾಜ್ ಮೈಗೆ ಸೇರಿದರೆ ಮಂಪರು ಕವಿದು ಹೃದಯದ ಬಡಿತ ನಿಧಾನವಾಗುತ್ತದೆ. ಮಗು ಜೊತೆಗಿದೆ, ಆ ಯೋಚನೆ ಬಿಡಿ.

ಹೊರನಾಡಕನ್ನಡಿಗ_ಜರ್ಸಿ

ಆ ಸ್ನೇಹಿತರು ಇಲ್ಲಿಯ ಪರ್ಮೆಥ್ರಿನ್ ಬಗ್ಗೆ ಕೇಳಿರಬೇಕು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಜಿಂಕೆ ಉಣುಗಿನಿಂದ ಲೈಮ್ ರೋಗ ಬರುವುದರಿಂದ ಬಟ್ಟೆಗೆಂದೇ ತಯಾರಾದ ಶೇ 0.5ರ ಪರ್ಮೆಥ್ರಿನ್ ಸ್ಪ್ರೇ ಅಂಗಡಿಗಳಲ್ಲಿ ಸಿಗುತ್ತದೆ. ಡೀಟ್ ಉಣುಗನ್ನು ದೂರ ಇಡುತ್ತದೆ, ಇದು ಕೊಲ್ಲುತ್ತದೆ. ಚರ್ಮದ ಮೇಲೆ ಬೇಗ ಒಡೆದುಹೋಗುವುದರಿಂದ ಮೈಗೆ ಹಚ್ಚಿ ಪ್ರಯೋಜನವೂ ಇಲ್ಲ.

ಬಟ್ಟೆ ತೊಟ್ಟುಕೊಂಡು ಹೊಡೆಯಬಾರದು. ಹಿಂದಿನ ದಿನವೇ ಹೊರಗೆ ಹಗ್ಗಕ್ಕೆ ನೇತುಹಾಕಿ, ಕೈಗವಸು ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ ಬೂಟು, ಕಾಲುಚೀಲ, ಪ್ಯಾಂಟ್ ತುಸು ತೇವವಾಗುವಷ್ಟು ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ತೊಡಬೇಕು. ಸಾಮಾನ್ಯವಾಗಿ ಆರು ವಾರ ಅಥವಾ ಆರು ಒಗೆತದ ತನಕ ನಿಲ್ಲುತ್ತದೆ. ಒದ್ದೆ ಇರುವಾಗ ಬೆಕ್ಕಿನ ಜೀವಕ್ಕೇ ಅಪಾಯ. ಮೀನಿಗೂ ವಿಷ, ಆ ಬಟ್ಟೆಯನ್ನು ಹಳ್ಳದಲ್ಲಿ ಜಾಲಾಡಬೇಡಿ. ಇಲ್ಲಿಂದ ಯಾರಾದರೂ ತಂದುಕೊಟ್ಟರೂ ಲೇಬಲ್ಲಿನಲ್ಲಿ ಬಟ್ಟೆಗೆ ಎಂದಿದೆಯೇ, ಶೇ 0.5 ಇದೆಯೇ ನೋಡಿಯೇ ಬಳಸಿ. ತೋಟಕ್ಕೆ ಹೊಡೆಯುವ ಗಟ್ಟಿ ಪರ್ಮೆಥ್ರಿನ್ ಬೇರೆ.

ಕಾನಂಚು

ಇಳಿದು ಬಂದ ಮೇಲಿನ ಕೆಲಸ ಹೇಳುವುದು ಬಾಕಿ ಇತ್ತು. ತೊಟ್ಟ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಮನೆಯಲ್ಲಿ ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ನೆನೆಸಿ. ತಣ್ಣೀರಿನಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ. ಎರಡು ಗಂಟೆಯೊಳಗೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಡೀಟೂ ಹೋಗುತ್ತದೆ. ಆಮೇಲೆ ಬೆಳಕಿನಲ್ಲಿ ಮೊಣಕಾಲಿನ ಹಿಂದೆ, ತೊಡೆಸಂದು, ಹೊಕ್ಕಳು, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ ಎಲ್ಲ ನೋಡಿ. ಮಗುವಿನ ತಲೆಯನ್ನು ಬೆರಳಾಡಿಸಿ ಹುಡುಕಿ. ಹೊಸ ಮಚ್ಚೆಯಂತೆ ಕಂಡದ್ದಕ್ಕೆ ಕಾಲುಗಳಿದ್ದಾವೆಯೇ ನೋಡಿ.

ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ, ಬೀಡಿ ಬೆಂಕಿ ಯಾವುದೂ ಬೇಡ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ತಾಗಿದ ಹಾಗೆ, ಹೊಟ್ಟೆಯನ್ನಲ್ಲ ಬಾಯಿಯ ಭಾಗವನ್ನು ಹಿಡಿದು, ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಜಾಗವನ್ನು ಸೋಪಿನಿಂದ ತೊಳೆದು ಸ್ಪಿರಿಟ್ ಹಚ್ಚಿ, ತಾರೀಕು ಬರೆದಿಟ್ಟುಕೊಳ್ಳಿ.

ಮಂಗನ ಕಾಯಿಲೆ ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ಕಾಣಿಸಿಕೊಳ್ಳುತ್ತದೆ: ಒಮ್ಮೆಲೇ ಜೋರು ಜ್ವರ, ಹಣೆಯ ನೋವು, ಸೊಂಟ, ಮೀನಖಂಡದಲ್ಲಿ ತಡೆಯಲಾಗದ ನೋವು. ಎರಡು ವಾರದೊಳಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಯಾವ ಕಾಡಿಗೆ ಯಾವತ್ತು ಹೋಗಿದ್ದಿರಿ ಅಂತ ನೀವಾಗಿಯೇ ಹೇಳಿ. ಬೆಂಗಳೂರಿನ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಬೇಡಿ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಮತ್ತೆ ಬಂದು ತಲೆನೋವು, ಗೊಂದಲ, ನಡುಕ ಶುರುವಾಗುತ್ತದೆ. ಆಗ ತಡಮಾಡದೆ ದೊಡ್ಡಾಸ್ಪತ್ರೆಗೇ ಕರೆದೊಯ್ಯಿರಿ.