ಮಂಜಿನೊಳಗೆ 22 ಬೈಕು

ನಮ್ಮ ಮನೆ ಗುಂಪಿನಲ್ಲಿ 34 ಜನ ಇದ್ದೇವೆ. ಅಡ್ಮಿನ್ ನಾನು. ಹೂವಿನ ಗುಡ್ ಮಾರ್ನಿಂಗ್, ಕಾಫಿ ರೇಟು, ಯಾರದೋ ಮದುವೆ ಕಾಗದ, ಅಲ್ಲಿ ನಡೆಯುವುದು ಇಷ್ಟೇ. ಕಳೆದ ವಾರ ಚಿಕ್ಕಪ್ಪನ ಮಗ ಪುಟ್ಟ ಒಂದು ಪೋಸ್ಟರ್ ಹಾಕಿದ. ಅವನಿಗೆ 27 ವರ್ಷ, ನನ್ನ ಫೋನಿನಲ್ಲಿ ಇನ್ನೂ ಪುಟ್ಟನೇ. ಪೋಸ್ಟರ್‌ನಲ್ಲಿ ಮಂಜು, ತಿರುವು, ಸಾಲು ಹೆಡ್‌ಲೈಟು. ಮೇಲೆ ದೊಡ್ಡಕ್ಷರದಲ್ಲಿ, "ಮಂಜಿನೊಳಗೆ 22 ಬೈಕು. ಮೊದಲ ದಿನ ಬೆಂಗಳೂರು, ಮಡಿಕೇರಿ, ತಲಕಾವೇರಿ. ಎರಡನೇ ದಿನ ಸಂಪಾಜೆ ಘಾಟಿ, ಸುಬ್ರಹ್ಮಣ್ಯ, ಬಿಸಿಲೆ ಘಾಟಿ, ಸೋಮವಾರಪೇಟೆ. ಆಗಸ್ಟ್ ಎರಡನೇ ವಾರ."

ಆಮೇಲೆ ನಡೆದದ್ದು ಇದು. ಸ್ಟಿಕರ್‌ಗಳನ್ನು ಬಿಟ್ಟಿದ್ದೇನೆ. ಚಿಕ್ಕಮ್ಮ ಒಬ್ಬರೇ 11 ಹಾಕಿದ್ದರು.

ಪುಟ್ಟ: ಎರಡನೇ ರಾತ್ರಿ ಊರಿನಲ್ಲೇ ಉಳಿಯುತ್ತೇವೆ. ದೊಡ್ಡಪ್ಪಾ, ಅಂಗಳದಲ್ಲಿ 22 ಬೈಕ್ ನಿಲ್ಲಿಸಬಹುದಾ?

ಮಡಿಕೇರಿ ಅತ್ತೆ: ಆಗಸ್ಟಿನಲ್ಲಾ? ಆಗ ನಾವು ಅಂಗಳಕ್ಕೇ ಇಳಿಯುವುದಿಲ್ಲ ಮಾರಾಯ.

ಪುಟ್ಟ: ಮಳೆ ನೋಡಲೆಂದೇ ಬರುತ್ತಿರುವುದು ಅತ್ತೆ.

ಮಡಿಕೇರಿ ಅತ್ತೆ: ನಮಗೆ ಮಳೆ ಅಂದ್ರೆ ಮೂರು ದಿನ ಕರೆಂಟಿಲ್ಲ, ಒಗೆದ ಬಟ್ಟೆ ಒಲೆಯ ಮೇಲೆ. 2018ರಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡದ ಬರೆ ಜರಿದು ಸಂಪಾಜೆ ರಸ್ತೆಯೇ ಹೋಯಿತು. ಮಕ್ಕಂದೂರು, ಹಟ್ಟಿಹೊಳೆಯಲ್ಲೂ ಅದೇ ಕತೆ. ಅಜ್ಜಿ ತಿಥಿಗೆ ನಾವು ಕುಶಾಲನಗರ ಸುತ್ತಿ ಬಂದದ್ದು ಮರೆತೆಯಾ? 2019ರಲ್ಲಿ ತೋರ ಗ್ರಾಮದ ಗುಡ್ಡ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರೂ ಆಗಸ್ಟೇ.

ಪುಟ್ಟ: ಹಾಗಂತ ಪ್ರತಿ ಆಗಸ್ಟಿನಲ್ಲೂ ಬೆಟ್ಟ ಬೀಳುತ್ತದಾ? ಬಸ್ಸು ಓಡುವುದಿಲ್ವಾ? ತಲಕಾವೇರಿ ದಾರಿಯ ಭಾಗಮಂಡಲದಲ್ಲಿ ಈಗ ಮೇಲ್ಸೇತುವೆಯೂ ಇದೆ.

ಮಡಿಕೇರಿ ಅತ್ತೆ: ಸೇತುವೆ ಇರುವುದು ಸಂಗಮದ ನೀರಿಗೆ. ಬೆಟ್ಟಕ್ಕೆ ಅಲ್ಲ.

ಹಾಸನ ಭಾವ: ಅತ್ತೆ, ಸುಮ್ನೆ ಹೆದರಿಸಬೇಡಿ. ನಾನೂ ಮಳೆಯಲ್ಲಿ ಓಡಿಸಿದ್ದೇನೆ. ಪುಟ್ಟಾ, ಬ್ರೇಕ್ ಎಲ್ಲಾ ತಿರುವಿಗೆ ಮೊದಲೇ ಮುಗಿಸು. ಬಾಗಿದ ಮೇಲೆ ಬ್ರೇಕ್ ಹಿಡಿದರೆ ಕೆಟ್ಟೆ. ಸಿಲ್ವರ್ ಓಕ್ ಎಲೆ ಬಿದ್ದ ಕಡೆ, ಬಿಳಿ ಪಟ್ಟೆ ಮೇಲೆ, ಟಿಲ್ಲರ್ ಗದ್ದೆಯಿಂದ ಕೆಸರು ಎಳೆದು ತಂದ ಕಡೆ ಹ್ಯಾಂಡಲ್ ನೇರ ಇರಲಿ. ಘಾಟಿಯಲ್ಲಿ ಜೋಡಿ ಜೋಡಿಯಾಗಿ ಹೋಗಬೇಡಿ, ಒಂದೇ ಸಾಲು.

ಪುಟ್ಟ: ಥ್ಯಾಂಕ್ಸ್ ಭಾವ. ಎಲ್ಲರದ್ದೂ ಎಬಿಎಸ್ ಗಾಡಿ. ಎಲ್ಲರಿಗೂ ರೈಡಿಂಗ್ ಜಾಕೆಟ್, ಮಳೆ ಸೂಟು ಇದೆ. ನನ್ನ ಸೂಟೇ 9 ಸಾವಿರದ್ದು.

ಇಲ್ಲಿಗೆ ಪುಟ್ಟ ಗೆದ್ದ ಅಂದುಕೊಂಡೆ. ಆಗ ದೊಡ್ಡಪ್ಪನ ವಾಯ್ಸ್ ನೋಟು ಬಂತು. 31 ವರ್ಷ ಬಸ್ ಓಡಿಸಿದವರು, ಟೈಪ್ ಮಾಡುವುದಿಲ್ಲ. ನಾಲ್ಕು ನಿಮಿಷದ ಮಾತು. ಮಧ್ಯೆ ನಾಯಿಗೆ ಬೈದದ್ದನ್ನು ಬಿಟ್ಟು ಬರೆದಿದ್ದೇನೆ.

ದೊಡ್ಡಪ್ಪ: ಮಳೆ ವಿಷಯ ಬಿಡು. ನನ್ನ ತಕರಾರು ಆ 22ಕ್ಕೆ. ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೆ ಪೂರಾ ರಸ್ತೆ ಬೇಕು. ಎದುರಿಗೆ ಲೈಟ್ ಕಂಡರೆ ನಾನು ನಿಲ್ಲುತ್ತೇನೆ, ಅವನು ದಾಟಿದ ಮೇಲೆ ಸ್ಟೇರಿಂಗ್ ತಿರುಗಿಸುತ್ತೇನೆ. ಮಂಜಿನಲ್ಲಿ ನನಗೆ ಕಾಣುವುದು ಎರಡೋ ಮೂರೋ ಲೈಟು. ಮೂರು ಹೋಯಿತು, ಮುಗಿಯಿತು ಅಂತ ಬಸ್ಸು ಎತ್ತುತ್ತೇನೆ. ಅಷ್ಟರಲ್ಲಿ ನಾಲ್ಕನೆಯವನು. ಅವನ ಕಣ್ಣು ಎಲ್ಲಿರುತ್ತದೆ ಹೇಳು? ರಸ್ತೆ ಮೇಲಲ್ಲ, ಮುಂದಿನವನ ಕೆಂಪು ಲೈಟಿನ ಮೇಲೆ. ತಪ್ಪಿಸಿಕೊಂಡರೆ ಒಬ್ಬನೇ ಉಳಿಯುತ್ತೇನೆ ಅಂತ ಭಯ. ಇನ್ನೊಂದು ಕೇಳು. ಪ್ರತಿ ತಿರುವಿನಲ್ಲೂ ಸಾಲು ಎಳೆದುಕೊಳ್ಳುತ್ತದೆ. ಮುಂದಿನವನು 40ರಲ್ಲಿ ಹೋದರೆ ಬಾಲದವನು ಅವನನ್ನು ಹಿಡಿಯಲು 60ರಲ್ಲಿ ಓಡಿಸಬೇಕು. ಚೆನ್ನಾಗಿ ಓಡಿಸುವವನು ಮುಂದೆ ಇರುತ್ತಾನೆ, ಹೊಸಬ ಹಿಂದೆ. ಅಂದ್ರೆ ಜಾಸ್ತಿ ಸ್ಪೀಡು ಯಾರದ್ದಾಯಿತು? ಎಬಿಎಸ್ ಅಂದೆ. ಅದು ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ, ಒಪ್ಪಿದೆ. ರಸ್ತೆಯನ್ನು ಹಿಡಿಯುವುದು ಟೈರು.

ಹಾಸನ ಭಾವ: ಇದು ನನಗೆ ಹೊಳೆದಿರಲಿಲ್ಲ ದೊಡ್ಡಪ್ಪ. ನಾವು ಯಾವಾಗಲೂ ನಾಲ್ಕೈದು ಜನವೇ ಹೋಗುವುದು.

ಪುಟ್ಟ: ಮುಂದೆ ಒಬ್ಬ ಲೀಡ್, ಕೊನೆಗೆ ಒಬ್ಬ ಅನುಭವಿ ಇರುತ್ತಾರೆ ದೊಡ್ಡಪ್ಪ. ತಿರುಗುವ ಕಡೆ ಒಬ್ಬರು ನಿಂತು ದಾರಿ ತೋರಿಸುತ್ತಾರೆ. ಎಲ್ಲಾ ಪ್ಲಾನ್ ಆಗಿದೆ.

ದೊಡ್ಡಪ್ಪ: ಮಡಿಕೇರಿ ಮುಟ್ಟುವಾಗಲೇ 250 ಕಿಲೋಮೀಟರ್ ಆಯಿತು. ಭಾಗಮಂಡಲಕ್ಕೆ ಇನ್ನೊಂದು 40, ಮೇಲೆ ತಲಕಾವೇರಿಗೆ 8. ಮತ್ತೆ ಅಷ್ಟೇ ವಾಪಸ್. ಚೇರಂಬಾಣೆಯಲ್ಲಿ ಮರ ಬಿದ್ದು ಎರಡು ಗಂಟೆ ನಿಂತರೆ ನಿನ್ನ ಪ್ಲಾನಿನಲ್ಲಿ ಏನು ಬರೆದಿದೆ?

ಪುಟ್ಟ: ಕಾಯುತ್ತೇವೆ.

ದೊಡ್ಡಪ್ಪ: ಕಾದು? ಕತ್ತಲಲ್ಲಿ ಹೋಗುತ್ತೀರಾ, ವಾಪಸ್ ತಿರುಗುತ್ತೀರಾ?

ಪುಟ್ಟ: ವಾಪಸ್ ಹೇಗೆ? ಮಡಿಕೇರಿಯಲ್ಲಿ ರೂಮ್ ಬುಕ್ ಆಗಿದೆ, ಮಾರನೇ ದಿನದ ಊಟವೂ ಹೇಳಿ ಆಗಿದೆ. ತಲಾ 1500 ಅಡ್ವಾನ್ಸ್. ಕ್ಯಾನ್ಸಲ್ ಮಾಡಿದರೆ ವಾಪಸ್ ಕೊಡುವುದಿಲ್ಲ. 22 ಜನಕ್ಕೆ ನಾನು ಏನು ಹೇಳಲಿ?

ಇದನ್ನು ಓದಿದಾಗ ನನಗೆ ಸ್ವಲ್ಪ ಹೆದರಿಕೆಯಾಯಿತು. ಅಲ್ಲಿಯವರೆಗೆ ನಾನು ಪುಟ್ಟನ ಪಕ್ಷ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆ ನೋಡದೆ ಕೊಡಗು ನೋಡಿದ್ದೇನೆ ಅನ್ನುವವರನ್ನು ಕಂಡರೆ ನನಗೂ ಅಷ್ಟಕ್ಕಷ್ಟೇ. ಆದರೆ 33 ಸಾವಿರ ರೂಪಾಯಿ ಕಟ್ಟಿ ಹೊರಟವರಲ್ಲಿ "ಸಾಕು, ನಿಲ್ಲೋಣ" ಅನ್ನುವ ಮೊದಲ ಬಾಯಿ ಯಾರದ್ದು?

ಮಡಿಕೇರಿ ಅತ್ತೆ: ನೋಡಿದಿರಾ? ಮಳೆಯಲ್ಲ, ಅಡ್ವಾನ್ಸ್ ಓಡಿಸುವುದು ಬೈಕನ್ನು. ಇವರಿಗೆ ಬೇಸಿಗೆಯಲ್ಲಿ ಬರಲು ಏನು ರೋಗ? ನಾಟಿ ಸಮಯದಲ್ಲಿ ಆಳುಗಳನ್ನು ತುಂಬಿಕೊಂಡು ಜೀಪು ಬರುತ್ತದೆ, ಶಾಲೆ ಮಕ್ಕಳು ಕೊಡೆ ಹಿಡಿದು ರಸ್ತೆ ಬದಿಯಲ್ಲೇ ನಡೆಯುತ್ತಾರೆ. ಸೈಲೆನ್ಸರ್ ಸದ್ದಿಗೆ ನಮ್ಮ ದನ ಬೆದರಿ ತೋಡಿಗೆ ಇಳಿದಿತ್ತು.

ಪುಟ್ಟ: ಅತ್ತೆ, ಬೇಜಾರು ಮಾಡಬೇಡಿ. ನಿಮ್ಮ ಹೋಮ್‌ಸ್ಟೇ ಆಗಸ್ಟಿನಲ್ಲಿ ಮುಚ್ಚಿರುತ್ತದಾ?

ನಲವತ್ತು ನಿಮಿಷ ಗುಂಪಿನಲ್ಲಿ ಒಂದು ಸದ್ದಿಲ್ಲ. ಚಿಕ್ಕಮ್ಮನ ಸ್ಟಿಕರ್ ಕೂಡ ಇಲ್ಲ.

ಮಡಿಕೇರಿ ಅತ್ತೆ: ಮುಚ್ಚುವುದಿಲ್ಲ. ಎರಡು ರೂಮಿನ ದುಡ್ಡು ನನಗೆ ಬೇಕು. ಬಂದವರಿಗೆ ಕಡುಬು, ಕಣಿಲೆ ಪಲ್ಯ ಬಿಸಿಬಿಸಿ ಹಾಕುತ್ತೇನೆ. ಆದರೆ ರೆಡ್ ಅಲರ್ಟ್ ಬಂದ ದಿನ ನಾನೇ ಫೋನ್ ಮಾಡಿ ಬರಬೇಡಿ ಅಂದಿದ್ದೇನೆ, ಅಡ್ವಾನ್ಸ್ ವಾಪಸ್ ಹಾಕಿದ್ದೇನೆ. ಹೋದ ವರ್ಷ ಎರಡು ಸಲ. ನಿಮ್ಮ ಮಾವ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಮಡಿಕೇರಿ ಮಾವ: 👍

ಪುಟ್ಟ: ಸಾರಿ ಅತ್ತೆ.

ಮಡಿಕೇರಿ ಅತ್ತೆ: ಸಾರಿ ಬೇಡ. ಆ ರೂಮಿನವರಿಗೆ ಫೋನ್ ಮಾಡಿ ತಾರೀಖು ಮುಂದೆ ಹಾಕಲು ಆಗುತ್ತದಾ ಕೇಳು. ದುಡ್ಡು ವಾಪಸ್ ಅಂದರೆ ಯಾರೂ ಒಪ್ಪುವುದಿಲ್ಲ, ತಾರೀಖು ಅಂದರೆ ಒಪ್ಪುತ್ತಾರೆ.

ಮಾರನೇ ದಿನ ಸಂಜೆ ಪುಟ್ಟ ಹೊಸ ಪೋಸ್ಟರ್ ಹಾಕಿದ. ಮಂಜಿನ ಫೋಟೋ ಅದೇ. ಏಳೇಳು ಬೈಕಿನ ಮೂರು ತಂಡ, ಒಂದೊಂದಕ್ಕೆ ಅರ್ಧ ಗಂಟೆ ಅಂತರ. ಲೆಕ್ಕ 21 ಆಯಿತಲ್ಲ ಎಂದರೆ ಒಬ್ಬ ತಾನೇ ಹಿಂದೆ ಸರಿದನಂತೆ. ಸಂಪಾಜೆ, ಬಿಸಿಲೆ ಎರಡಕ್ಕೂ ಗೀಟು. ಮೊದಲ ದಿನ ಮಡಿಕೇರಿವರೆಗೆ ಮಾತ್ರ. ರೆಡ್ ಅಲರ್ಟ್ ಇದ್ದರೆ ತಾರೀಖು ಮುಂದಕ್ಕೆ, ರೂಮಿನವರು ಒಪ್ಪಿದ್ದಾರೆ. ನಾಲ್ಕು ಗಂಟೆಯ ಮೇಲೆ ಎಲ್ಲಿದ್ದರೂ ಮೇಲಕ್ಕೆ ಹೋಗುವಂತಿಲ್ಲ.

ಹಾಸನ ಭಾವ: ಈಗ ನಾನೂ ಬರಬಹುದು. ಹಿಂದೆ ಸರಿದಿದ್ದಾನಲ್ಲ ಅವನು, ಆ ಜಾಗ ಖಾಲಿ ಇದೆಯಾ?

ಅಕ್ಕ: ನೀವು ಮೊದಲು ಮನೆಯಲ್ಲಿ ಮಾತಾಡಿ, ಆಮೇಲೆ ಗುಂಪಿನಲ್ಲಿ.

ದೊಡ್ಡಪ್ಪ: ಪುಟ್ಟಾ, ನಿನ್ನ ಬೈಕಿನ ಹಿಂದಿನ ಟೈರಿನ ಫೋಟೋ ಹಾಕು. ಹತ್ತಿರದಿಂದ.

ಒಂಬತ್ತು ಸಾವಿರದ ಮಳೆ ಸೂಟು ಮೊಳೆಗೆ ನೇತು ಬಿದ್ದಿರುವುದು ಫೋಟೋದ ಮೂಲೆಯಲ್ಲಿ ಕಾಣುತ್ತಿತ್ತು. ಟೈರಿನ ನಡುವೆ ಗೆರೆಗಳೇ ಇರಲಿಲ್ಲ, ನುಣ್ಣಗೆ ಹೊಳೆಯುತ್ತಿತ್ತು.

ಪುಟ್ಟ: ಮುಂದಿನದು ಹೊಸದು ದೊಡ್ಡಪ್ಪ.

ದೊಡ್ಡಪ್ಪ: ಹಾಗಾದರೆ ಮುಂದಿನ ಟೈರನ್ನು ಕಳಿಸು. ನೀನು ಬಸ್ಸಿಗೆ ಬಾ.