ಓವನ್ ಕಾಯ್ಲ್ ನಿಜಕ್ಕೂ ದೊಡ್ಡ ಕೋಚಾ, ಇಲ್ಲಾ ಒಂದೇ ವರ್ಷದ ಕೋಚಾ?

ಉಪ್ಪಳದ ವಿಂಗರ್

ಒಂದು ಜಗಳ ಬಗೆಹರಿಸಿ ಕೊಡಿ ಮಾರಾಯ್ರೆ. ನಾನು ಐಎಸ್‌ಎಲ್ ಫುಟ್‌ಬಾಲ್ ಲೀಗಿನ ಚೆನ್ನೈಯಿನ್ ಎಫ್‌ಸಿ ಅಭಿಮಾನಿ. ಚೆನ್ನೈಯಲ್ಲಿ ಕೆಲಸಕ್ಕಿದ್ದಾಗ ಅಂಟಿದ ಹುಚ್ಚು, ಊರಿಗೆ ಬಂದರೂ ಬಿಟ್ಟಿಲ್ಲ. ಉಪ್ಪಳದಲ್ಲಿ ಕೂತು ಚೆನ್ನೈಯಿನ್‌ಗೆ ಚಪ್ಪಾಳೆ ತಟ್ಟುವ ಕಷ್ಟ ನಿಮಗೆ ಗೊತ್ತೇ ಉಂಟು, ಸುತ್ತ ಎಲ್ಲಾ ಕೇರಳ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿ. ನಮ್ಮ ಕೋಚ್ ಆಗಿದ್ದ ಕಾಯ್ಲ್ ಹೆಸರು ಎತ್ತಿದರೆ ಸಾಕು, "ಆ ಮನುಷ್ಯ ಬರ್ತಾನೆ, ಒಂದು ವರ್ಷ ಮಿಂಚ್ತಾನೆ, ಗಂಟುಮೂಟೆ ಕಟ್ತಾನೆ" ಅಂತ ಶುರು ಮಾಡುತ್ತಾರೆ.

2019ರ ಡಿಸೆಂಬರಿನಲ್ಲಿ ಅವರು ಬಂದಾಗ ನಮ್ಮ ತಂಡ ತಳ ಹಿಡಿದಿತ್ತು. ಹಿಂದಿನ ಕೋಚ್ ಜಾನ್ ಗ್ರೆಗರಿ ಬಿಟ್ಟು ಹೋಗಿದ್ದರು, ಗೋಲು ಹೊಡೆಯುವುದೇ ಮರೆತ ಹಾಗಿತ್ತು. ಹೆಚ್ಚುಕಡಿಮೆ ಅದೇ ಹುಡುಗರನ್ನು ಇಟ್ಟುಕೊಂಡು ಫೈನಲ್‌ವರೆಗೆ ಹೋದರು. ಸೆಮಿಯಲ್ಲಿ ಗೋವಾವನ್ನು ಚೆನ್ನೈಯಲ್ಲಿ 4-1 ಹೊಡೆದು, ಅಲ್ಲಿ ಹೋಗಿ 2-4 ಸೋತು, ಒಟ್ಟು 6-5. ನನ್ನ ಎದೆ ಆ ರಾತ್ರಿ ನಿಲ್ಲುವುದೊಂದು ಬಾಕಿ. ಫೈನಲ್‌ನಲ್ಲಿ ಕೋಲ್ಕತ್ತದ ಎಟಿಕೆ ಎದುರು 1-3 ಸೋಲು, ಅದೂ ಕೊರೋನಾ ಅಂತ ಖಾಲಿ ಸ್ಟೇಡಿಯಂನಲ್ಲಿ.

ಇಂಡಿಯಾಕ್ಕೆ ಬರುವ ಮೊದಲು ಅವರ ಕತೆ ಎಂತ? ಆಟಗಾರನಾಗಿ ಹೇಗಿದ್ದರು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಬರೆಯಿರಿ. ವಿಕಿಪೀಡಿಯ ನೋಡು ಅಂತ ಮಾತ್ರ ಹೇಳಬೇಡಿ.

ಬದಿಯಡ್ಕ ಸ್ಟ್ರೈಕರ್

ಉಪ್ಪಳದವರೇ, ಕಾಯ್ಲ್ ಹುಟ್ಟಿದ್ದು ಗ್ಲಾಸ್ಗೋ ಪಕ್ಕದ ಪೇಸ್ಲಿಯಲ್ಲಿ, 1966ರಲ್ಲಿ. ಮನೆತನದ ಬೇರು ಐರ್ಲೆಂಡಿನ ಡೊನೆಗಾಲ್‌ನಲ್ಲಿ. ಹಾಗಾಗಿ ಸ್ಕಾಟ್ಲೆಂಡಿನವನಾದರೂ ದೇಶಕ್ಕೆ ಆಡಿದ್ದು ಐರ್ಲೆಂಡ್ ಪರ, ಅದೂ ಒಂದೇ ಮ್ಯಾಚ್, 1994ರಲ್ಲಿ ನೆದರ್ಲೆಂಡ್ಸ್ ವಿರುದ್ಧ. ಡಂಬಾರ್ಟನ್, ಕ್ಲೈಡ್‌ಬ್ಯಾಂಕ್, ಏರ್‌ಡ್ರೀ ಹೀಗೆ ಸಣ್ಣ ಕ್ಲಬ್‌ಗಳಲ್ಲಿ ಗೋಲು ಹೊಡೆದು ಹೊಡೆದು ಮೇಲೆ ಬಂದ ಫಾರ್ವರ್ಡ್. ದೊಡ್ಡ ಸ್ಟಾರ್ ಏನಲ್ಲ. ಆದರೆ ಪ್ಲೇಆಫ್ (ಲೀಗ್ ಮುಗಿದ ಮೇಲಿನ ನಾಕೌಟ್ ಮ್ಯಾಚ್) ಅಂತ ಬಂದರೆ ಈ ಮನುಷ್ಯನ ಮೇಲೆ ದೇವರೇ ಬಂದ ಹಾಗೆ.

1995, ವೆಂಬ್ಲಿ, ಕಾಯ್ಲ್ ಆಡುತ್ತಿದ್ದ ಬೋಲ್ಟನ್ ಮತ್ತು ರೀಡಿಂಗ್. ಗೆದ್ದವರು ಪ್ರೀಮಿಯರ್ ಲೀಗಿಗೆ, ಅಂದರೆ ಇಂಗ್ಲೆಂಡಿನ ಮೇಲಿನ ಡಿವಿಜನ್‌ಗೆ. ಆಟ ಶುರುವಾಗಿ ಕಾಲು ಗಂಟೆ ಆಗುವುದರೊಳಗೆ ಬೋಲ್ಟನ್ 0-2 ಹಿಂದೆ. ಮೇಲಿಂದ ರೀಡಿಂಗ್‌ಗೆ ಒಂದು ಪೆನಾಲ್ಟಿ ಬೇರೆ ಸಿಕ್ಕಿತು. ಅದು ಗೋಲಾಗಿದ್ದರೆ ಕತೆ ಮುಗಿಯಿತು. ಗೋಲಿ ಬ್ರಾನಗನ್ ಹಿಡಿದರು. ಕೊನೆಯ ಕಾಲು ಗಂಟೆ ಇರುವಾಗ ಬೋಲ್ಟನ್‌ನ ಮೊದಲ ಗೋಲು ಹೊಡೆದದ್ದು ಕಾಯ್ಲ್. ಎಕ್ಸ್‌ಟ್ರಾ ಟೈಮಿನಲ್ಲಿ 4-3 ಗೆದ್ದರು! ಆಮೇಲೆ ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ಸೇರಿ, ಮರುವರ್ಷ ಅಲ್ಲೂ ಪ್ಲೇಆಫ್, ಅಲ್ಲೂ ಪಾರ್ಟಿಕ್ ಥಿಸಲ್ ವಿರುದ್ಧ ಎಕ್ಸ್‌ಟ್ರಾ ಟೈಮಿನಲ್ಲಿ ಗೆಲುವಿನ ಗೋಲು ಇವರದ್ದೇ.

ಮ್ಯಾನೇಜರ್ ಆದ ಮೇಲೂ ಅದೇ. 2007ರ ನವೆಂಬರಿನಲ್ಲಿ ಇಂಗ್ಲೆಂಡಿನ ಬರ್ನ್‌ಲಿಗೆ ಬಂದರು. 2009ರ ಪ್ಲೇಆಫ್ ಫೈನಲ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ವಿರುದ್ಧ 1-0, ವೇಡ್ ಎಲಿಯಟ್ ಗೋಲು. ಬರ್ನ್‌ಲಿ 33 ವರ್ಷ ಆದ ಮೇಲೆ ಮೇಲಿನ ಡಿವಿಜನ್ ನೋಡಿತು. ಆ ಆಗಸ್ಟಿನಲ್ಲಿ ಫರ್ಗುಸನ್ ಅವರ ಮ್ಯಾಂಚೆಸ್ಟರ್ ಯುನೈಟೆಡ್ ಬಂದು 0-1 ಸೋತು ಹೋಯಿತು. ರಾಬಿ ಬ್ಲೇಕ್ ಬಾಲನ್ನು ನೆಲಕ್ಕೆ ಬೀಳಲು ಬಿಡದೆ ಜಡಿದ ಆ ಗೋಲು ಹುಡುಕಿ ನೋಡಿ. ಮತ್ತೆ ಕ್ಯಾರಿಕ್ ಪೆನಾಲ್ಟಿಯನ್ನು ಗೋಲಿ ಯೆನ್ಸನ್ ತಡೆದದ್ದನ್ನೂ ನೋಡಿ.

ಆದರೆ ನಿಮ್ಮ ಗೆಳೆಯರ ಮಾತಿನಲ್ಲೂ ಹುರುಳು ಉಂಟು. 2010ರ ಜನವರಿಯಲ್ಲಿ, ಸೀಸನ್ ಅರ್ಧ ಇರುವಾಗಲೇ, ತನ್ನ ಹಳೇ ಕ್ಲಬ್ ಬೋಲ್ಟನ್ ಕರೆದದ್ದೇ ತಡ, ಹೊರಟೇ ಬಿಟ್ಟರು. ಬೋಲ್ಟನ್ ಉಳಿಯಿತು, ಬರ್ನ್‌ಲಿ ಕೆಳಗೆ ಹೋಯಿತು. ಬರ್ನ್‌ಲಿಯವರು ಜೂಡಾಸ್, ಅಂದರೆ ದ್ರೋಹಿ, ಅಂತ ಬೈದರು. ನಾನಾಗಿದ್ದರೆ ಇನ್ನೂ ಜಾಸ್ತಿ ಬೈಯುತ್ತಿದ್ದೆ.

ಕುಂಬಳೆ ಹಳದಿ

ಸ್ಟ್ರೈಕರಣ್ಣ ಬೋಲ್ಟನ್ ಕತೆಯನ್ನು ಅರ್ಧಕ್ಕೆ ನಿಲ್ಲಿಸಿದ್ದು ಯಾಕೆ? 😄 2011ರಲ್ಲಿ ಎಫ್‌ಎ ಕಪ್ ಸೆಮಿಯಲ್ಲಿ ಸ್ಟೋಕ್ ಎದುರು 0-5. 2012ರಲ್ಲಿ ಒಂದೇ ಪಾಯಿಂಟಿನಿಂದ ಪ್ರೀಮಿಯರ್ ಲೀಗಿನಿಂದ ಹೊರಗೆ. ಅದೇ ಅಕ್ಟೋಬರಿನಲ್ಲಿ ಕೆಲಸ ಹೋಯಿತು. ವಿಗನ್‌ನಲ್ಲಿ ಆರು ತಿಂಗಳು. ಆಮೇಲೆ ಅಮೆರಿಕದ ಹ್ಯೂಸ್ಟನ್, ಬ್ಲ್ಯಾಕ್‌ಬರ್ನ್, ರಾಸ್ ಕೌಂಟಿ. ಎಲ್ಲಿಯೂ ಬೇರು ಬಿಡಲಿಲ್ಲ.

ಮತ್ತೆ 2022ರ ಮಾರ್ಚ್ ಮರೆತಿರಾ? ಆಗ ಕಾಯ್ಲ್ ಕೋಚ್ ಆಗಿದ್ದ ಜಮ್ಶೆಡ್‌ಪುರ ಶೀಲ್ಡ್ (ಐಎಸ್‌ಎಲ್ ಪಾಯಿಂಟ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಕೊಡುವುದು) ಗೆದ್ದು ಎದೆ ಉಬ್ಬಿಸಿಕೊಂಡು ಸೆಮಿಗೆ ಬಂತು. ಎದುರಿಗೆ ನಮ್ಮ ಬ್ಲಾಸ್ಟರ್ಸ್. ಮೊದಲ ಲೆಗ್‌ನಲ್ಲಿ ಆಲ್ವಾರೊ ವಾಸ್ಕೆಸ್ ಬಾಲನ್ನು ಎತ್ತಿ ಹಾಕಿದ, ಡಿಫೆಂಡರ್‌ಗಳ ಹಿಂದಿನಿಂದ ನಮ್ಮ ಪಯ್ಯನ್ನೂರಿನ ಸಹಲ್ ಓಡಿದ, ಗೋಲಿ ರೆಹೆನೇಶ್ ಮುಂದೆ ಬಂದ, ಸಹಲ್ ಮೆತ್ತಗೆ ತಲೆಯ ಮೇಲಿಂದ ದಾಟಿಸಿದ. ಗೋಲಿಯೂ ಕೋಯಿಕ್ಕೋಡಿನವ, ಪಾಪ. ಎರಡನೇ ಲೆಗ್ 1-1, ಒಟ್ಟು 2-1. ಕಾಯ್ಲ್ ಮನೆಗೆ.

ನೀಲಿ ಮಂಜೇಶ್ವರ

ಫೈನಲ್‌ನಲ್ಲಿ ಹೈದರಾಬಾದ್ ಎದುರು ಪೆನಾಲ್ಟಿಯಲ್ಲಿ ಎಂತ ಆಯಿತು ಅಂತಲೂ ಬರೆಯಿರಿ ಹಳದಿಯವರೇ. ಆಮೇಲೆ ನಮ್ಮ ಬೆಂಗಳೂರಿನ ಛೆಟ್ರಿ ನಿಮ್ಮ ಮೇಲೆ ಹೊಡೆದ ಫ್ರೀಕಿಕ್ ವಿಷಯ ಮಾತಾಡುವ.

ಕುಂಬಳೆ ಹಳದಿ

ಬೆಂಗಳೂರಿನವರು ಈ ಚರ್ಚೆಗೆ ಸುಮ್ನೆ ಬರಬೇಡಿ.

ಮುಳ್ಳೇರಿಯ ಡಿಫೆಂಡರ್

ಜಗಳ ಆಮೇಲೆ ಮಾಡಿ. ಜಮ್ಶೆಡ್‌ಪುರದ ಆ ಸೀಸನ್ನನ್ನು ಒಂದು ಸೆಮಿಫೈನಲ್ ಇಟ್ಟುಕೊಂಡು ಅಳೆಯಬೇಡಿ. 20 ಮ್ಯಾಚ್, 43 ಪಾಯಿಂಟ್. ಕೊನೆಯ ಲೀಗ್ ಮ್ಯಾಚಿನಲ್ಲಿ ಎಟಿಕೆ ಮೋಹನ್ ಬಗಾನ್ ಎದುರು ರಿತ್ವಿಕ್ ದಾಸ್ ಗೋಲಿನಿಂದ 1-0 ಗೆದ್ದು ಶೀಲ್ಡ್. ಅದಕ್ಕೆ ಮೊದಲು ಆ ಕ್ಲಬ್ ಒಂದು ಸಲವೂ ಪ್ಲೇಆಫ್‌ಗೆ ಬಂದಿರಲಿಲ್ಲ ಅಂತ ನೆನಪಿರಲಿ. ಗ್ರೆಗ್ ಸ್ಟೀವರ್ಟ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನನ್ನು ಕರೆದು ತಂದರು, ಆತ 10 ಗೋಲು ಹೊಡೆದು ಲೀಗಿನ ಶ್ರೇಷ್ಠ ಆಟಗಾರನಾದ. ತಮಾಷೆ ಎಂತ ಅಂದರೆ, ಕೊರೋನಾ ಕಾರಣ ಕಾಯ್ಲ್ ಅಲ್ಲಿದ್ದ ಎರಡೂ ಸೀಸನ್ ಪೂರ್ತಿ ಗೋವಾದಲ್ಲೇ ನಡೆಯಿತು. ಜಮ್ಶೆಡ್‌ಪುರದ ಜನ ಶೀಲ್ಡ್ ಗೆದ್ದ ತಂಡದ ಒಂದು ಮ್ಯಾಚನ್ನೂ ತಮ್ಮ ಗ್ಯಾಲರಿಯಲ್ಲಿ ಕೂತು ನೋಡಲಿಲ್ಲ.

ನಾನು ಇಲ್ಲಿ ಹುಡುಗರಿಗೆ ಸಂಜೆ ಆಟ ಹೇಳಿಕೊಡುವವನು, ಹಾಗಾಗಿ ಟಿವಿಯಲ್ಲಿ ಬಾಲ್‌ಗಿಂತ ಬೇರೆಯದ್ದೇ ಜಾಸ್ತಿ ಕಣ್ಣಿಗೆ ಬೀಳುತ್ತದೆ. ಕಾಯ್ಲ್ ತಂಡ ಬಾಲ್ ಕಳೆದುಕೊಂಡ ಕೂಡಲೇ ಮುಂದಿನವರೇ ಮೊದಲು ಬೆನ್ನು ಹತ್ತುತ್ತಾರೆ, ಹಿಂದೆ ಓಡಿ ಬಂದು ಗುಂಪು ಕಟ್ಟುವುದಿಲ್ಲ. ಚೆನ್ನೈಯಿನ್‌ನಲ್ಲಿ ವಿಂಗರ್ ಛಾಂಗ್ಟೆ ಹಾಗೆ ಓಡಿಯೇ ಗೋಲು ಹೊಡೆಯಲು ಶುರು ಮಾಡಿದ್ದು. ಗ್ರೆಗರಿ ಇದ್ದಾಗಿನ ಛಾಂಗ್ಟೆಯನ್ನೂ ಕಾಯ್ಲ್ ಬಂದ ಮೇಲಿನ ಛಾಂಗ್ಟೆಯನ್ನೂ ಒಟ್ಟಿಗೆ ಹಾಕಿ ನೋಡಿ, ಇಬ್ಬರೂ ಒಂದೇ ಹುಡುಗ ಅಂತ ನಂಬುವುದು ಕಷ್ಟ.

ಆದರೆ ಇಂಥ ಆಟ ಎರಡನೇ ವರ್ಷಕ್ಕೆ ಎದುರಿನವರಿಗೆ ಬಾಯಿಪಾಠ ಆಗಿರುತ್ತದೆ. ಆಗ ಕಾಯ್ಲ್ ಹತ್ತಿರ ಬೇರೆ ಉಪಾಯ ಇರುವುದಿಲ್ಲ. ನನ್ನ ತಕರಾರು ಇದೊಂದೇ. ಗಂಟು ಕಟ್ಟಿದರು ಅನ್ನುವುದು ದೊಡ್ಡ ವಿಷಯ ಅಲ್ಲ, ಕೋಚ್‌ಗಳನ್ನು ಕ್ಲಬ್‌ನವರೂ ಹಾಗೇ ಓಡಿಸುತ್ತಾರಲ್ವಾ.

ಜಮ್ಶೆಡ್‌ಪುರ ಬಿಟ್ಟು ಸ್ಕಾಟ್ಲೆಂಡಿನ ಕ್ವೀನ್ಸ್ ಪಾರ್ಕ್‌ಗೆ ಹೋದರು. 2023ರಲ್ಲಿ ಕೊನೆಯ ಮ್ಯಾಚ್‌ವರೆಗೂ ಲೀಗ್ ಗೆಲ್ಲುವ ಅವಕಾಶ ಇತ್ತು, ಡಂಡೀ ಎದುರು 3-5 ಸೋತರು. ಆಮೇಲೆ ವಾಪಸ್ ಚೆನ್ನೈ. 2024ರಲ್ಲಿ ಪ್ಲೇಆಫ್‌ಗೆ ಬಂದು ಗೋವಾ ಎದುರು ಸೋಲು, ಮರುವರ್ಷ ಅದೂ ಇಲ್ಲ.

ಉಪ್ಪಳದ ವಿಂಗರ್

ಡಿಫೆಂಡರಣ್ಣ, ಎರಡನೇ ವರ್ಷದ ಮಾತು ಒಪ್ಪುವುದು ಕಷ್ಟ. ಜಮ್ಶೆಡ್‌ಪುರದಲ್ಲಿ ಶೀಲ್ಡ್ ಬಂದದ್ದು ಎರಡನೇ ವರ್ಷವೇ, ಮೊದಲ ವರ್ಷ ಆರನೇ ಸ್ಥಾನ. ಬರ್ನ್‌ಲಿಯನ್ನು ಮೇಲೆ ತಂದದ್ದೂ ಮೊದಲ ಸೀಸನ್‌ನಲ್ಲಿ ಅಲ್ಲ. "ಒಂದೇ ವರ್ಷದ ಕೋಚ್" ಅನ್ನುವವರ ಬಾಯಿ ಮುಚ್ಚಿಸಲು ನನಗೆ ಇಷ್ಟು ಸಾಕು.

ಸ್ಟ್ರೈಕರ್ ಬರೆದದ್ದನ್ನು ಹಾಗೇ ನಮ್ಮ ಗುಂಪಿಗೆ ಹಾಕಿದ್ದೇನೆ. ಹಳದಿಯವರ ಸಹಲ್ ಪುರಾಣ ಹಾಕಲಿಲ್ಲ, ಅದು ಇಲ್ಲಿಯವರಿಗೆ ಮೊದಲೇ ಕಂಠಪಾಠ. ಆ 1995ರ ವೆಂಬ್ಲಿ ಮ್ಯಾಚ್ ಪೂರ್ತಿ ಎಲ್ಲಾದರೂ ಸಿಗುತ್ತದಾ? ಹೈಲೈಟ್ಸ್ ಬೇಡ, ಪೂರ್ತಿ ಬೇಕು.

ಬದಿಯಡ್ಕ ಸ್ಟ್ರೈಕರ್

ಹುಡುಕಿ ಲಿಂಕ್ ಕಳಿಸುತ್ತೇನೆ. ಸ್ವಲ್ಪ ಮಸುಕಾಗಿದ್ದರೆ ಕೇಳಬೇಡಿ, 1995 ಅಲ್ವಾ.